ನೋಡುವವನಿಗೂ ಕಾಯಕವುಂಟೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯವರನ್ನು ನಿಮ್ಮಿಂದ ಗಡಿ ದಾಟಿ ಹೋಗುವ ವಸ್ತು ಯಾವುದೆಂದು ಕೇಳಿದರೆ ಕೊಬ್ಬರಿಯೆಂಬ ಉತ್ತರ ಥಟ್ಟನೆ ಬರುತ್ತದೆ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು, ಚಿಪ್ಪಿನೊಳಗೇ ನೀರಿಂಗಿ ಉಂಡೆಗಟ್ಟಿದ ಕೊಬ್ಬರಿ ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾಗಿ ಉತ್ತರ ಭಾರತದ ದೂರದ ಪಟ್ಟಣಗಳಿಗೆ ಪ್ರಯಾಣ ಮಾಡುತ್ತದೆ. ಅದನ್ನು ಕೊಂಡವರಾರು, ತಿಂದವರಾರು ಎಂಬುದು ಬೆಳೆದ ರೈತನಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ತೂಕ ಸರಿಯಿದ್ದು ಹಣ ಕೈಸೇರಿದರೆ ಉಭಯತರ ಋಣವೂ ಅಲ್ಲಿಗೆ ತೀರಿತು.

ಆದರೆ ಈ ಸೀಮೆಯಿಂದ ಗಡಿ ದಾಟಿ ಹೋದದ್ದು ಕೊಬ್ಬರಿಯೊಂದೇ ಅಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯೇ ಪುರಾಣಪ್ರಸಿದ್ಧವಾದ ಚಂಪಕಾಪುರಿ, ಹಂಸಧ್ವಜ ರಾಜನ ರಾಜಧಾನಿ, ಎಂದು ಐತಿಹ್ಯವಿದೆ. ಆ ರಾಜನ ಮಗ ಸುಧನ್ವನ ಕಥೆಯನ್ನು ಲಕ್ಷ್ಮೀಶ ಕವಿಯು ಜೈಮಿನಿ ಭಾರತದಲ್ಲಿ ಹಾಡಿದನು. ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ಅದನ್ನು ರಂಗಕ್ಕೆ ತಂದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗರಿಗೂ ಸುಧನ್ವಾರ್ಜುನರ ಕಾಳಗ ಇಂದಿಗೂ ತಮ್ಮ ಮನೆಯ ಕಥೆಯೇ ಆಗಿದೆ. ಕೊಬ್ಬರಿ ಗಡಿ ದಾಟಿದರೆ ವ್ಯವಹಾರ ಮುಗಿಯುತ್ತದೆ. ಆಟವು ಗಡಿ ದಾಟಿದರೆ ಸಂಬಂಧವೊಂದು ಮೊದಲಾಗುತ್ತದೆ. ಆ ಸಂಬಂಧದ ಧರ್ಮವೇನು ಎಂಬುದೇ ಪ್ರಸ್ತುತ ಜಿಜ್ಞಾಸೆಯ ವಿಷಯ.

ಈ ಪ್ರಶ್ನೆ ಇಂದು ಹುಟ್ಟಲು ಕಾರಣವುಂಟು. ಒಂದು ದೇಶದ ರಂಗಮಂದಿರ ಮತ್ತೊಂದು ದೇಶದ ರಂಗಮಂದಿರದೊಡನೆ ಕೂಡಿ ನಾಟಕವನ್ನು ಸಿದ್ಧಪಡಿಸುವುದು ಈಗ ಅಪರೂಪವೇನಲ್ಲ. ಅಂತರ್ಜಾಲದ ನೇರ ಪ್ರಸಾರದಿಂದ ಊರ ಜಾತ್ರೆಯ ನಾಟಕವೂ ಆ ಗಳಿಗೆಯಲ್ಲೇ ಸಮುದ್ರದಾಚೆಯ ಮನೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆಡುವವರ ಶ್ರಮ ನಮಗೆ ಗೊತ್ತು, ಆಡಿಸುವವರ ಹೊಣೆಯೂ ಗೊತ್ತು. ನೋಡುವವನ ಪಾಲಿನದೇನು? ಅವನಿಗೂ ಒಂದು ಕಾಯಕವುಂಟೆ? ಅಥವಾ ಕೊಬ್ಬರಿ ತಿಂದವನಂತೆ ಬಾಯೊರಸಿಕೊಂಡು ಹೋಗಲು ಅವನು ಸ್ವತಂತ್ರನೇ?

ವಾಚಕರು ಇಲ್ಲಿ ಶರಣರ ಕಾಲವನ್ನೊಮ್ಮೆ ನೆನೆಯಬೇಕು. ವೇಷ ಧರಿಸುವುದನ್ನೂ ಕುಣಿಯುವುದನ್ನೂ ನಗಿಸುವುದನ್ನೂ ಕೀಳೆಂದು ಲೋಕ ಬಗೆಯುತ್ತಿದ್ದಾಗ ಹನ್ನೆರಡನೆಯ ಶತಮಾನದ ಶರಣರು ಅವನ್ನು ಕಾಯಕವೆಂದು ಗೌರವಿಸಿದರು. ಬಹುರೂಪಿ ಚೌಡಯ್ಯ ವೇಷಗಾರ. ನಗೆಯ ಮಾರಿತಂದೆ ನಗಿಸುವವನು. ಕಲಕೇತಯ್ಯನದು ಜನರ ಮುಂದೆ ಆಡಿ ರಂಜಿಸುವ ವೃತ್ತಿ. ಮೂವರೂ ವಚನಕಾರರು. ಆಡುವವನಿಗೆ ಕಾಯಕವುಂಟೆಂಬುದು ಎಂಟು ನೂರು ವರ್ಷಗಳ ಹಿಂದೆಯೇ ತೀರ್ಮಾನವಾದ ಮಾತು.

ಅದೇ ಕಲ್ಯಾಣಕ್ಕೆ ಗಡಿಗಳನ್ನು ದಾಟಿ ಬಂದವರೆಷ್ಟು ಮಂದಿ! ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದು ಸೌದೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯ, ಸೌರಾಷ್ಟ್ರದ ಆದಯ್ಯ, ಆಫ್ಘಾನಿಸ್ತಾನದ ಕಡೆಯಿಂದ ಬಂದನೆಂದು ಹೇಳಲಾಗುವ ಮರುಳಶಂಕರದೇವ, ಇವರೆಲ್ಲರ ಕಥೆಗಳನ್ನು ಪರಂಪರೆ ಕಾಪಾಡಿಕೊಂಡು ಬಂದಿದೆ. ಶೂನ್ಯಸಂಪಾದನೆಯನ್ನು ಓದಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅಲ್ಲಿ ಬರುವ ಶರಣರಲ್ಲಿ ಕೇವಲ ನೋಡುತ್ತ ಕುಳಿತವರಿಲ್ಲ. ಬಂದವನು ಕೇಳುತ್ತಾನೆ, ಉತ್ತರಿಸುತ್ತಾನೆ, ತಿದ್ದಲ್ಪಡುತ್ತಾನೆ, ಬಳಿಕ ತನ್ನ ಕಾಯಕಕ್ಕೆ ಹಿಂದಿರುಗುತ್ತಾನೆ. ಗಡಿ ದಾಟಿ ಬಂದವನಿಗೆ ಅಲ್ಲಿ ಅತಿಥಿಯ ಮಣೆಯೂ ಇತ್ತು, ದುಡಿಯುವವನ ಹೊಣೆಯೂ ಇತ್ತು.

ಈ ಅಳತೆಗೋಲನ್ನು ಹಿಡಿದು ನಮ್ಮ ನಾಡಿನ ರಂಗಭೂಮಿಯ ಚರಿತ್ರೆಯನ್ನು ನೋಡೋಣ. 1842ರ ಸುಮಾರಿನಲ್ಲಿ ಹೊನ್ನಾವರದ ಸಮೀಪದ ಕರ್ಕಿಯ ಯಕ್ಷಗಾನ ಮೇಳವೊಂದು ಸಾಂಗಲಿ ಸಂಸ್ಥಾನಕ್ಕೆ ಹೋಗಿ ಆಟವಾಡಿತು. ಅದನ್ನು ನೋಡಿ ಮೆಚ್ಚಿದ ಅಲ್ಲಿನ ದೊರೆ ಚಿಂತಾಮಣರಾವ್ ಪಟವರ್ಧನರು ನಮ್ಮ ಭಾಷೆಯಲ್ಲಿಯೂ ಇಂತಹುದು ಆಗಬೇಕೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಆ ಕೆಲಸವನ್ನು ಒಪ್ಪಿಸಿದರು. 1843ರ ನವೆಂಬರ್ 5ರಂದು ಭಾವೆಯವರ ‘ಸೀತಾ ಸ್ವಯಂವರ’ ಸಾಂಗಲಿಯಲ್ಲಿ ಪ್ರಯೋಗವಾಯಿತು. ಮರಾಠಿ ರಂಗಭೂಮಿ ತನ್ನ ಜನ್ಮದಿನವೆಂದು ಇಂದಿಗೂ ಆಚರಿಸುವುದು ಆ ದಿನವನ್ನೇ. ದೊರೆಯು ಮೇಳಕ್ಕೆ ಬಹುಮಾನವಿತ್ತು ಕೈತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡಿದ್ದರೆ ಅದು ಒಂದು ರಾತ್ರಿಯ ಸಂತೋಷವಾಗಿ ಕರಗಿಹೋಗುತ್ತಿತ್ತು. ನೋಡಿದ್ದನ್ನು ಆತ ಋಣವೆಂದು ತಿಳಿದು ತನ್ನ ನೆಲದಲ್ಲಿ ದುಡಿಮೆಗೆ ಹಚ್ಚಿದನು.

ಕೊಟ್ಟದ್ದು ಮರಳಿ ಬಂದ ಬಗೆಯೂ ಸ್ವಾರಸ್ಯವಾದುದು. ಕೆಲವೇ ದಶಕಗಳಲ್ಲಿ ಮರಾಠಿ ನಾಟಕ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗುಗಳಿಗೆ ಬಂದು ಕನ್ನಡಿಗರ ಮನಸೂರೆಗೊಂಡವು. ಕನ್ನಡಿಗರು ಮರಾಠಿ ಹಾಡುಗಳನ್ನೇ ಗುನುಗತೊಡಗಿದಾಗ ಗದಗಿನ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಖಿನ್ನರಾದರು. ಆದರೆ ಮರಾಠಿ ಮಂಡಳಿಗಳನ್ನು ಅವರು ಊರಿನಿಂದ ಓಡಿಸಲು ಹೋಗಲಿಲ್ಲ. 1870ರ ದಶಕದಲ್ಲಿ ತಾವೇ ‘ಉಷಾಹರಣ’ವೇ ಮೊದಲಾದ ಕನ್ನಡ ನಾಟಕಗಳನ್ನು ಬರೆದು, ಮಂಡಳಿ ಕಟ್ಟಿ ಆಡಿಸಿದರು. ಕರ್ಕಿಯಿಂದ ಹೋದ ಕಿಡಿ ಸಾಂಗಲಿಯಲ್ಲಿ ದೀಪವಾಗಿ, ಗದಗಿಗೆ ಸವಾಲಾಗಿ ಹಿಂದಿರುಗಿತು. ಗಡಿ ದಾಟಿ ಬಂದ ಆಟವು ನೋಡಿದವನನ್ನು ಕೆಲಸಕ್ಕೆ ಎಬ್ಬಿಸಿದರೆ ಅದರಿಂದ ಎರಡು ನಾಡಿಗೂ ಲಾಭ. ಅವನನ್ನು ಕುಳಿತಲ್ಲಿಯೇ ಕೂರಿಸಿದರೆ ಕೊಟ್ಟವನಿಗೂ ಲಾಭವಿಲ್ಲ, ಪಡೆದವನಿಗೂ ಲಾಭವಿಲ್ಲ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಗುಬ್ಬಿಯದು. 1884ರಲ್ಲಿ ಹುಟ್ಟಿದ ಆ ಕಂಪನಿಯ ಪೂರ್ಣ ಹೆಸರು ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಹೆಸರಿನಲ್ಲಿಯೇ ಋಣಸ್ಮರಣೆಯಿದೆ. ಗುಬ್ಬಿ ವೀರಣ್ಣನವರ ಯಜಮಾನಿಕೆಯಲ್ಲಿ ಆ ಸಂಘ ತೆಲುಗು, ತಮಿಳು ನಾಡುಗಳನ್ನೂ ಸುತ್ತಿತು. ಅಲ್ಲಿನ ಜನ ತಮ್ಮ ಭಾಷೆಯಲ್ಲಿ ಕೇಳಲೆಂದು ಅವರ ಭಾಷೆಯಲ್ಲಿಯೂ ನಾಟಕವಾಡಿತು. ಗಡಿಯಾಚೆಯ ಪ್ರೇಕ್ಷಕನಿಗಾಗಿ ತನ್ನ ನಾಲಗೆಯನ್ನೇ ತಿದ್ದಿಕೊಂಡ ಶ್ರಮವದು.

ಆ ಕಂಪನಿಗೆ ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಮನೆ ಬಿಟ್ಟು ಬಂದ ಹುಡುಗನೊಬ್ಬ ಸೇರಿದನು. ಅವನೇ ಮುಂದೆ ಬಿ. ವಿ. ಕಾರಂತರೆಂದು ಹೆಸರಾದನು. ಹುಡುಗನ ಓದಿನ ಹಂಬಲವನ್ನು ಕಂಡು ವೀರಣ್ಣನವರು ಅವನನ್ನು ಕಾಶಿಗೆ ಕಳುಹಿಸಿ ಓದಿಸಿದರು. ಓದಿದ ಮೇಲೆ ಆತ ಕಂಪನಿಗೆ ಹಿಂದಿರುಗಲಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ, 1977ರಲ್ಲಿ ಅದರ ನಿರ್ದೇಶಕರೇ ಆದರು. 1979ರಲ್ಲಿ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ‘ಬರ್ನಮ್ ವನ’ವೆಂಬ ಹೆಸರಿನಲ್ಲಿ, ಯಕ್ಷಗಾನದ ಹೆಜ್ಜೆಗಳನ್ನು ಬಳಸಿ, ಹಿಂದಿಯಲ್ಲಿ ಆಡಿಸಿದರು. ಇಂಗ್ಲೆಂಡಿನ ಕೃತಿ, ಕರಾವಳಿಯ ಕುಣಿತ, ಉತ್ತರದ ಭಾಷೆ ಒಂದೇ ರಂಗದ ಮೇಲೆ ಕೂಡಿದವು. ಬಳಿಕ ಭೋಪಾಲದಲ್ಲಿ ರಂಗಮಂಡಲವನ್ನು ಕಟ್ಟಿದರು. 1989ರಲ್ಲಿ ಮೈಸೂರಿಗೆ ಬಂದು ರಂಗಾಯಣವನ್ನು ಕಟ್ಟಿದರು. ಕಂಪನಿಯ ಲೆಕ್ಕದ ಪುಸ್ತಕವನ್ನು ನೋಡಿದರೆ ಕಾಶಿಗೆ ಕಳುಹಿಸಿದ ಹಣ ನಷ್ಟದ ಬಾಬು. ಶರಣರ ಲೆಕ್ಕದಲ್ಲಿ ಅದು ದಾಸೋಹ. ಫಲವನ್ನು ತನ್ನ ಅಂಗಳದಲ್ಲೇ ಬೀಳಿಸಿಕೊಳ್ಳಬೇಕೆಂಬ ಹಟ ದಾಸೋಹಕ್ಕಿಲ್ಲ.

ಸಮುದ್ರದಾಚೆಯ ಮಾತಿಗೆ ಬರೋಣ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಕನ್ನಡದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ಬರೆದ ‘ನಾಗಮಂಡಲ’ವನ್ನು 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಗಥ್ರಿ ರಂಗಮಂದಿರ ತನ್ನ ರಂಗದ ಮೇಲೆ ಪ್ರಯೋಗಿಸಿತು. ನಮ್ಮ ಅಜ್ಜಿಯರು ದೀಪ ಆರಿಸುವ ಮುನ್ನ ಹೇಳುತ್ತಿದ್ದ ಕಥೆಯನ್ನು ಆ ರಂಗಮಂದಿರ ತನ್ನ ಕಲಾವಿದರಿಂದ ಕಲಿಸಿ ಆಡಿಸಿತು. ಅಷ್ಟಕ್ಕೇ ನಿಲ್ಲದೆ ಕಾರ್ನಾಡರಿಂದ ಮತ್ತೊಂದು ನಾಟಕವನ್ನು ಬೇಡಿತು. ‘ಅಗ್ನಿ ಮತ್ತು ಮಳೆ’ ಹುಟ್ಟಿದ್ದು ಆ ಬೇಡಿಕೆಯಿಂದ. ನಮ್ಮ ಪಾಲಿಗೆ ಇದಕ್ಕಿಂತಲೂ ಆಪ್ತವಾದುದು ‘ತಲೆದಂಡ’ದ ಪ್ರಯಾಣ. ಬಸವಣ್ಣನವರ ಕಲ್ಯಾಣದ ಸಂಕಟವನ್ನು ಹೇಳುವ ಆ ನಾಟಕ 1992ರಲ್ಲಿ ‘ರಕ್ತಕಲ್ಯಾಣ’ವೆಂಬ ಹೆಸರಿನಿಂದ ಇಬ್ರಾಹಿಂ ಅಲ್ಕಾಜಿಯವರ ನಿರ್ದೇಶನದಲ್ಲಿ ದೆಹಲಿಯ ಹಿಂದಿ ರಂಗವನ್ನು ಏರಿತು. ಕನ್ನಡವರಿಯದ ಸಾವಿರಾರು ಜನ ಕಲ್ಯಾಣದ ಕಥೆಯನ್ನು ತಿಳಿದದ್ದು ಇಂತಹ ಪ್ರಯೋಗಗಳಿಂದ. ಆ ನಾಟಕದ ಎಲ್ಲ ಮಾತುಗಳನ್ನೂ ನಮ್ಮ ಭಕ್ತರು ಒಪ್ಪಬೇಕೆಂದಿಲ್ಲ. ಆದರೆ ನಮ್ಮ ಕಥೆಗಾಗಿ ಪರಭಾಷೆಯ ನಟರು ಬೆವರು ಹರಿಸಿದಾಗ ಅದನ್ನು ಎಚ್ಚರದಿಂದ ನೋಡಿ, ಒಪ್ಪಬೇಕಾದುದನ್ನು ಒಪ್ಪಿ, ತಿದ್ದಬೇಕಾದುದನ್ನು ಸೌಜನ್ಯದಿಂದ ತಿದ್ದುವುದು ನಮ್ಮ ಪಾಲಿನ ಕರ್ತವ್ಯವಾಗುತ್ತದೆ.

ಇಲ್ಲಿಯವರೆಗಿನ ಉದಾಹರಣೆಗಳಲ್ಲೆಲ್ಲ ನೋಡುವವನು ಆಡುವವನ ಎದುರಿಗೇ ಇದ್ದನು. ನೇರ ಪ್ರಸಾರವು ಬದಲಿಸಿದ್ದು ಇದನ್ನು. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರ ಜೂನ್ ತಿಂಗಳಿನಲ್ಲಿ ತನ್ನ ನಾಟಕವನ್ನು ಉಪಗ್ರಹದ ಮೂಲಕ ದೂರದ ಚಿತ್ರಮಂದಿರಗಳಿಗೆ ಕಳುಹಿಸತೊಡಗಿತು. ಆಗ ಪ್ರೇಕ್ಷಕರು ದೂರದಲ್ಲಿದ್ದರೂ ಒಂದು ಸಭೆಯಾಗಿ ಕುಳಿತಿದ್ದರು. 2020ರ ಮಹಾಮಾರಿಯಲ್ಲಿ ಲೋಕದ ರಂಗಮಂದಿರಗಳೆಲ್ಲ ಬಾಗಿಲು ಮುಚ್ಚಿದಾಗ ಅದೇ ಸಂಸ್ಥೆ ಏಪ್ರಿಲ್ ತಿಂಗಳಿಂದ ವಾರಕ್ಕೊಂದು ನಾಟಕವನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ಇಟ್ಟಿತು. ಆಗ ಸಭೆಯೂ ಇಲ್ಲವಾಗಿ ಪ್ರೇಕ್ಷಕ ಒಬ್ಬಂಟಿಯಾದನು. ಆಪತ್ಕಾಲದಲ್ಲಿ ಅದು ದೊಡ್ಡ ಉಪಕಾರವೇ. ಆದರೆ ಆಪತ್ಕಾಲದ ರೂಢಿ ಆಪತ್ತು ಕಳೆದ ಮೇಲೂ ಉಳಿಯಿತು.

ಅದು ನಮ್ಮ ಹಳ್ಳಿಗಳನ್ನು ಮುಟ್ಟಿದ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಸೀಮೆಯ ಪೌರಾಣಿಕ ನಾಟಕಗಳ ವಿಚಾರ ವಾಚಕರಿಗೆ ಹೊಸದಲ್ಲ. ಊರ ಯುವಕರು ತಮ್ಮ ಕೈಯಿಂದಲೇ ಹಣ ಹಾಕಿ ಪಾತ್ರ ಪಡೆದು, ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಕಲಿತು, ಬಾಡಿಗೆ ಸೀನರಿಯ ಮುಂದೆ ಬೆಳಗಿನವರೆಗೆ ‘ಕುರುಕ್ಷೇತ್ರ’ ಆಡುತ್ತಾರೆ. ಕೆಲವು ವರ್ಷಗಳ ಹಿಂದೆ ಅಂತಹದೊಂದು ನಾಟಕದ ರಾತ್ರಿ ರಂಗದ ಮುಂದಿನ ತೆಂಗಿನ ಮರಕ್ಕೆ ಮೊಬೈಲ್ ಫೋನೊಂದನ್ನು ಕಟ್ಟಿ ನೇರ ಪ್ರಸಾರ ಮಾಡುತ್ತಿದ್ದರು. ಬೆಂಗಳೂರಿನಲ್ಲಿಯೂ ಅಮೆರಿಕದಲ್ಲಿಯೂ ಇರುವ ಊರ ಮಕ್ಕಳು ನೋಡುತ್ತಿದ್ದಾರೆಂದು ಧ್ವನಿವರ್ಧಕದಲ್ಲಿ ಸಾರಿದರು. ಹಿಂದೆ ಆ ನಾಟಕಕ್ಕೆಂದೇ ಬಸ್ಸು ಹಿಡಿದು ಬರುತ್ತಿದ್ದವರು ಆ ವರ್ಷ ಬಂದಿರಲಿಲ್ಲ. ಮುಂದಿನ ಚಾಪೆಗಳು ಬರಿದಾಗಿದ್ದವು. ಬೆಳಗಿನ ಜಾವ ಕರ್ಣನ ಪಾತ್ರಧಾರಿ ಬಣ್ಣ ತೊಳೆಯುತ್ತ, “ಗಂಟಲು ಬಿರಿಯುವಂತೆ ಹಾಡಿದೆ. ಯಾರಿಗೆ ಹಾಡಿದೆನೋ ತಿಳಿಯಲಿಲ್ಲ” ಎಂದನು. ಆ ಮಾತಿಗೆ ಉತ್ತರ ನನಗೆ ಅಂದು ಹೊಳೆಯಲಿಲ್ಲ.

ಆದರೆ ನ್ಯಾಯವಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ರಾತ್ರಿ ಅದೇ ಊರಿನಲ್ಲಿ, ವರ್ಷಗಳಿಂದ ಹಾಸಿಗೆ ಹಿಡಿದಿದ್ದ ವೃದ್ಧೆಯೊಬ್ಬಳು ಮೊಮ್ಮಗಳ ಫೋನಿನಲ್ಲಿ ಅದೇ ನಾಟಕವನ್ನು ಕಂಡು, ಹಾಡುಗಳಿಗೆ ತಾನೂ ದನಿಗೂಡಿಸಿದಳೆಂದು ಮರುದಿನ ಕೇಳಿದೆ. ಪರದೇಶದಲ್ಲಿ ಹುಟ್ಟಿ ಬೆಳೆದ ಮಕ್ಕಳ ಕಿವಿಗೆ ಕನ್ನಡದ ಕಂದಪದ್ಯ ಬೀಳುವುದು ಇಂತಹ ಪ್ರಸಾರದಿಂದಲ್ಲವೆ? ಅಷ್ಟೇ ಅಲ್ಲ, ಚಾಪೆಯ ಮೇಲೆ ಕುಳಿತವರೆಲ್ಲರೂ ನೋಡುವವರೆಂದು ಹೇಳಲು ಬರುತ್ತದೆಯೆ? ಮೊದಲ ಅಂಕಕ್ಕೇ ನಿದ್ದೆ ಹೋದವರನ್ನೂ, ಇಡೀ ರಾತ್ರಿ ಹರಟಿದವರನ್ನೂ ನಾವು ಕಂಡಿಲ್ಲವೆ? ದೇಹ ಹತ್ತಿರವಿದ್ದ ಮಾತ್ರಕ್ಕೆ ಮನಸ್ಸು ಹತ್ತಿರವಿರುವುದಿಲ್ಲ. ಗುಡಿಯ ಕಂಬಕ್ಕೊರಗಿ ಕುಳಿತವನೆಲ್ಲ ಭಕ್ತನಲ್ಲವೆಂದು ನಮ್ಮ ಶರಣರೇ ಎಚ್ಚರಿಸಿದ್ದಾರಷ್ಟೆ. ಆದ್ದರಿಂದ ದೋಷವನ್ನು ಯಂತ್ರದ ಮೇಲೆ ಹೊರಿಸುವುದು ಸಮಂಜಸವಲ್ಲ. ವೃದ್ಧೆ ನೋಡಿದ್ದೂ ಪರದೆಯಲ್ಲೇ. ಆಕೆ ಮಾಡಿದ್ದು ಮಾತ್ರ ಕಾಯಕ.

ಹಾಗಾದರೆ ನೋಡುವವನ ಕಾಯಕವೆಂದರೇನು? ನನಗೆ ತೋರಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದು, ಕಾಲವನ್ನು ಇಡಿಯಾಗಿ ಕೊಡುವುದು. ಆಡುವವನು ತಿಂಗಳುಗಟ್ಟಲೆ ಕಲಿತು ತಂದುದನ್ನು ನಾವು ಅರೆಗಳಿಗೆ ನೋಡಿ, ಬೆರಳಿನಿಂದ ಅತ್ತ ಸರಿಸಿ ಮತ್ತೊಂದಕ್ಕೆ ಹಾರುತ್ತೇವೆ. ಆಯ್ದಕ್ಕಿ ಮಾರಯ್ಯನ ಕಥೆ ಇಲ್ಲಿ ನೆನಪಾಗುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಒಪ್ಪಲಿಲ್ಲ; ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಇಂದು ಲೋಕದ ನಾಟಕಗಳೆಲ್ಲ ಅಂಗೈಯಲ್ಲಿ ಚೆಲ್ಲಿ ಬಿದ್ದಿವೆ. ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಯಾವುದನ್ನೂ ಉಣ್ಣದೆ ಬಿಡುವುದು ಆಸೆಯ ಲಕ್ಷಣ. ಒಂದನ್ನೇ ಆಯ್ದು, ಮನೆಯವರನ್ನೂ ನೆರೆಯವರನ್ನೂ ಕರೆದು ಕೂರಿಸಿ, ಪೂರ್ತಿಯಾಗಿ ನೋಡಿ, ಬಳಿಕ ಅದರ ವಿಚಾರ ಮಾತನಾಡುವುದು ಲಕ್ಕಮ್ಮನ ಮಾರ್ಗ.

ಎರಡನೆಯದು, ದುಡಿದವನ ಪಾಲು ದುಡಿದವನಿಗೆ ಸಲ್ಲುವಂತೆ ನೋಡಿಕೊಳ್ಳುವುದು. ಒಂದು ರಾತ್ರಿಗೆ ಸಂಭಾವನೆ ಪಡೆದ ಕಲಾವಿದನ ಆಟವನ್ನು ಚಿತ್ರೀಕರಿಸಿಕೊಂಡು ವರ್ಷಗಟ್ಟಲೆ ತೋರಿಸುವಾಗ ಅವನ ಪಾಲೇನು? ಭಾರತದ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕ ಕಲಾವಿದನಿಗೂ ತನ್ನ ಪ್ರದರ್ಶನದ ಮೇಲೆ ಐವತ್ತು ವರ್ಷಗಳ ಹಕ್ಕನ್ನು ಮಾನ್ಯಮಾಡಿದೆ. 2012ರ ತಿದ್ದುಪಡಿಯಿಂದ ವಾಣಿಜ್ಯ ಬಳಕೆಯ ಗೌರವಧನದ ಮಾತೂ, ತನ್ನ ಹೆಸರನ್ನು ಹೇಳಿಸಿಕೊಳ್ಳುವ ಹಕ್ಕೂ ಅದರಲ್ಲಿ ಸೇರಿವೆ. ಎರಡು ರಂಗಮಂದಿರಗಳು ಕೂಡಿ ಕೆಲಸ ಮಾಡುವಾಗ ಚಿತ್ರಿಕೆ ಯಾರದು, ಬಂದ ಹಣ ಹೇಗೆ ಹಂಚಿಕೆ, ಯಾವ ಭಾಷೆಯಲ್ಲಿ ಅಡಿಬರಹ ಎಂಬುದನ್ನು ತಾಲೀಮಿಗೆ ಮುನ್ನವೇ ಬರೆದಿಟ್ಟುಕೊಳ್ಳುವುದು ಅವಿಶ್ವಾಸವಲ್ಲ. ಅದು ಕಾಯಕಕ್ಕೆ ತೋರುವ ಗೌರವ. ನೋಡುವವನು ಕೂಡ ಉಚಿತವಾಗಿ ಕಂಡುದಕ್ಕೆ ತನ್ನ ಶಕ್ತಿಗೆ ತಕ್ಕಷ್ಟನ್ನು ಆಡಿದವರಿಗೆ ಮುಟ್ಟಿಸಿದರೆ ಕಂಡದ್ದು ಅವನಿಗೆ ದಕ್ಕುತ್ತದೆ.

ಮೂರನೆಯದು, ಮರಳಿ ಕೊಡುವುದು. ಸಾಂಗಲಿಯ ದೊರೆ ಮಾಡಿದ್ದು, ಶಾಂತಕವಿಗಳು ಮಾಡಿದ್ದು ಇದನ್ನೇ. ನಮ್ಮ ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಶಿವಸಂಚಾರವೆಂಬ ತಿರುಗಾಟದ ತಂಡವನ್ನು ಕಟ್ಟಿ, ನಾಟಕವನ್ನು ಜನರಿದ್ದಲ್ಲಿಗೇ ಒಯ್ಯುವ ಪರಿಪಾಠವನ್ನು ಬೆಳೆಸಿದರು. ಅಲ್ಲಿ ನಡೆಯುವ ರಾಷ್ಟ್ರೀಯ ನಾಟಕೋತ್ಸವದಲ್ಲಿ ರಾತ್ರಿ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕೂರುವವರಲ್ಲಿ ಸುತ್ತಲ ಹಳ್ಳಿಗಳ ರೈತರೇ ಹೆಚ್ಚು. ಮಠವೊಂದು ನಾಟಕವನ್ನು ಧರ್ಮಕಾರ್ಯವೆಂದು ನಡೆಸಬಹುದಾದರೆ, ಆ ಮಠದ ಅನ್ನವುಂಡು ಓದಿದವರು ನಾಟಕ ನೋಡುವುದನ್ನು ಧರ್ಮಕಾರ್ಯವೆಂದು ಏಕೆ ತಿಳಿಯಬಾರದು?

ಮಠದ ಹಳೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಹಲವರು ಇಂದು ದೂರದ ದೇಶಗಳಲ್ಲಿದ್ದೀರಿ. ಜಾತ್ರೆಯ ರಾತ್ರಿ ಮರಳಿನ ಮೇಲೆ ಒಬ್ಬರಿಗೊಬ್ಬರು ಒತ್ತಿ ಕುಳಿತು ನಾಟಕ ನೋಡಿದ ನೆನಪು ನಿಮಗಿರಬೇಕು. ಆ ಮರಳನ್ನು ಫೋನಿನಲ್ಲಿ ಕಳುಹಿಸಲು ಬಾರದು. ಆದರೆ ನೀವಿರುವ ಊರಿನಲ್ಲಿ ಹತ್ತು ಮನೆಯವರು ಒಂದೆಡೆ ಸೇರಿ ಊರ ನಾಟಕವನ್ನು ನೋಡಬಹುದು. ಮರುದಿನ ಆಡಿದವನಿಗೆ ಕರೆ ಮಾಡಿ, ಯಾವ ಹಾಡು ಮನ ಮುಟ್ಟಿತು, ಎಲ್ಲಿ ಮಾತು ತಪ್ಪಿತು ಎಂದು ಹೇಳಬಹುದು. ನಿಮ್ಮಲ್ಲಿನ ರಂಗತಂಡವೊಂದಕ್ಕೆ ನಮ್ಮ ಹಳ್ಳಿಯ ತಂಡದ ಪರಿಚಯ ಮಾಡಿಸಿ, ಅವರಿಂದ ಇವರು, ಇವರಿಂದ ಅವರು ಕಲಿಯುವಂತೆ ಮಾಡಬಹುದು. ಊರಿಗೆ ಬರುವ ವರ್ಷವನ್ನು ನಾಟಕದ ದಿನಕ್ಕೆ ಹೊಂದಿಸಿಕೊಂಡು ಒಂದು ಚಾಪೆಯನ್ನಾದರೂ ತುಂಬಬಹುದು.

ಕರ್ಣನ ಪಾತ್ರಧಾರಿಯ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲವೆಂದೆ. ಇಂದೂ ಅದನ್ನು ನಾನೊಬ್ಬನೇ ಹೇಳಲಾರೆ. ತಾನು ಯಾರಿಗಾಗಿ ಹಾಡಿದೆನೆಂಬುದು ಅವನಿಗೆ ತಿಳಿಯಬೇಕಾದರೆ ಕೇಳಿದವರು ತಾವು ಕೇಳಿದೆವೆಂದು ತಿಳಿಸಬೇಕು. ಅದು ನಮ್ಮ ನಿಮ್ಮೆಲ್ಲರ ಮೇಲಿರುವ ಋಣ. ಆ ಋಣವನ್ನು ಅರಿತು ನೋಡುವ ಕಣ್ಣನ್ನು ಗುರು ಬಸವಣ್ಣನವರು ನಮಗೆಲ್ಲ ಕರುಣಿಸಲಿ.